ಅಪ್‌ಡೇಟ್: ಪೋನಿಯ ಗೊರಸು ಪುಡಿಯಾಗುತ್ತಿದ್ದ ವಿಷಯ

ನನ್ನ 2 ವರ್ಷದ ಪೋನಿಯ (ಗಿಡ್ಡ ತಳಿಯ ಕುದುರೆ) ಗೊರಸಿನ ಅಂಚು ಹಳೇ ಗೋಡೆಯ ಗಾರೆ ಥರ ಉದುರುತ್ತಿದೆ, ಏನು ಮಾಡಲಿ ಅಂತ 5 ತಿಂಗಳ ಹಿಂದೆ ಕೇಳಿದ್ದೆ. ಜಾಸ್ತಿ ಜನ ಲಾಳ ಹೊಡೆಸಿ ಅಂದ್ರು. ಹೊಡೆಸಲಿಲ್ಲ. ಮೊಳೆ ಹಿಡಿಯೋಕೆ ಗಟ್ಟಿ ಜಾಗವೇ ಇರಲಿಲ್ಲ, ಅಲ್ವಾ?

ಪಶುವೈದ್ಯರು ಮೊದಲು ಕೇಳಿದ್ದೇ ಮೇವಿನ ಬಗ್ಗೆ. ನಾನು ಬರೀ ಒಣಹುಲ್ಲು ಹಾಕುತ್ತಿದ್ದೆ, ಅದರಲ್ಲಿ ಸತು, ತಾಮ್ರ ಸಾಲುತ್ತಿರಲಿಲ್ಲವಂತೆ. ಈಗ ತೂಕಕ್ಕೆ ತಕ್ಕಷ್ಟು ಖನಿಜ ಮಿಶ್ರಣ, ಜೊತೆಗೆ ಬಯೋಟಿನ್ ಅನ್ನೋ ಬಿ ವಿಟಮಿನ್. ಅಂದಹಾಗೆ, ಸೆಲೆನಿಯಂ (ಇದೂ ಒಂದು ಖನಿಜ) ಇರುವ ಎರಡು ಪುಡಿ ಒಟ್ಟಿಗೆ ಕೊಡಬೇಡಿ, ಅದು ಜಾಸ್ತಿಯಾದರೂ ಗೊರಸು ಕೆಡುತ್ತದೆ. 5 ವಾರಕ್ಕೊಮ್ಮೆ ಟ್ರಿಮ್ ಮಾಡಿಸಿ ಅಂಚನ್ನು ದುಂಡಗೆ ಉಜ್ಜಿಸುತ್ತೇನೆ. ದಿನಾ ಕಾಲು ತೊಳೆಯುತ್ತಿದ್ದೆನಲ್ಲ, ಅದನ್ನೂ ಬಿಟ್ಟೆ. ನೆನೆದು ಒಣಗಿ, ಮತ್ತೆ ನೆನೆದು ಒಣಗಿ ಸೀಳು ಬಿಡುತ್ತಿದ್ದದ್ದು ಅದರಿಂದಲೂ ಇರಬೇಕು.

ಈಗ ಕೂದಲಿನ ಅಂಚಿನಿಂದ ಕೆಳಗೆ ಸುಮಾರು 4 ಸೆಂ.ಮೀ ಹೊಸ ಗೊರಸು ಬಂದಿದೆ. ಬೆರಳಾಡಿಸಿದರೆ ನುಣುಪು, ಆಮೇಲೆ ಒಂದು ಗೆರೆ, ಅದರ ಕೆಳಗೆ ಮತ್ತದೇ ಒರಟು. ಮುಂಭಾಗ ಪೂರ್ತಿ ಬದಲಾಗಲು 9ರಿಂದ 12 ತಿಂಗಳು ಬೇಕಂತೆ. ಎಡ ಹಿಂಗಾಲಲ್ಲಿ ಹೋದ ವಾರವೂ ಒಂದು ಚೂರು ಕಿತ್ತು ಬಂತು. ಆದರೆ ಕುಂಟುತ್ತಿಲ್ಲ.