ಬ್ಯಾಡಗಿ ಮೆಣಸಿನ ಸಸಿಗಳು ಮನೆಯೊಳಗೆ ಬಾಡುತ್ತಿವೆ, ನೀರು ಜಾಸ್ತಿಯಾಯಿತಾ ಕಡಿಮೆಯಾಯಿತಾ?

ಕಿಟಕಿತೋಟ (ಮ್ಯೂನಿಕ್)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಅಡುಗೆಗೆಂದು ಕೊಂಡ ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಫೆಬ್ರವರಿ ಮೊದಲ ವಾರ ಹಾಕಿದ್ದೆ. 20 ಬೀಜದಲ್ಲಿ 13 ಮೊಳೆತವು, ಹನ್ನೆರಡು ದಿನ ಹಿಡಿಯಿತು. ಅವತ್ತು ಎಷ್ಟು ಖುಷಿಯಾಗಿತ್ತು ಅಂದರೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದನ್ನೂ ತೋರಿಸಿದ್ದೆ.

ಈಗ ಎರಡೂವರೆ ವಾರವಾಗಿದೆ. ಐದು ಸಸಿ ಸತ್ತೇ ಹೋದವು. ರಾತ್ರಿ ನೆಟ್ಟಗೆ ನಿಂತಿದ್ದದ್ದು ಬೆಳಗ್ಗೆ ನೋಡಿದರೆ ಅಡ್ಡ ಬಿದ್ದಿತ್ತು, ಬುಡ ಮಣ್ಣಿನ ಮಟ್ಟದಲ್ಲಿ ಕಂದು ಬಣ್ಣಕ್ಕೆ ತಿರುಗಿ ದಾರದ ಹಾಗೆ ಸಣ್ಣಗಾಗಿತ್ತು. ಉಳಿದ ಎಂಟು ಉದ್ದಕ್ಕೆ ಸೊರಗಿ ಕಿಟಕಿ ಕಡೆ ವಾಲಿವೆ. ಬೀಜದೆಲೆ ಹಳದಿಯಾಗಿ ಜೋತು ಬಿದ್ದಿದೆ. ಬೆಳಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ನೀರು ಹಾಕುತ್ತಿದ್ದೇನೆ. ಅಮ್ಮ ಫೋನಿನಲ್ಲಿ ನೋಡಿ ಬಾಡಿದೆ, ಇನ್ನೂ ನೀರು ಹಾಕು ಅಂತಾರೆ. ಹಾಕಿದರೆ ಮತ್ತಷ್ಟು ಬಾಡುತ್ತದೆ! ಮಣ್ಣಿನ ಮೇಲೆ ಹಸಿರು ಪದರ ಕಟ್ಟಿದೆ, ಸಣ್ಣ ಕಪ್ಪು ನೊಣಗಳೂ ಹಾರಾಡುತ್ತಿವೆ. ಕಿಟಕಿ ಕೆಳಗೇ ಹೀಟರ್ ಇದೆ. ಗೊಬ್ಬರ ಹಾಕಬೇಕಾ? ಈ ಎಂಟನ್ನಾದರೂ ಉಳಿಸಿಕೊಳ್ಳಬೇಕು, ದಯವಿಟ್ಟು ಹೇಳಿ.

ತಾರಸಿ_ಹಸಿರು (ಬೆಂಗಳೂರು)

ಮೊದಲು ಗೊಬ್ಬರದ ವಿಷಯ ಬಿಟ್ಟುಬಿಡಿ, ಈಗ ಹಾಕಿದರೆ ಬೇರು ಸುಡುತ್ತದೆ. ಒಂದು ಪ್ರಶ್ನೆ: ಯಾವುದರಲ್ಲಿ ಹಾಕಿದ್ದೀರಿ, ತಳಕ್ಕೆ ತೂತು ಇದೆಯಾ?

ನೀವು ಹೇಳಿದ್ದನ್ನು ನೋಡಿದರೆ ನೀರು ಜಾಸ್ತಿಯಾಗಿದೆ, ಅನುಮಾನವೇ ಇಲ್ಲ. ಗೊಂದಲ ಆಗುವುದು ಎಲ್ಲಿ ಅಂದರೆ, ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ಜಾಸ್ತಿಯಾದರೂ ಜೋಲುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕಲ್ವಾ? ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರಾಡುವುದಿಲ್ಲ, ಉಸಿರಾಡದ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಗಿಡ ನೀರಿನಲ್ಲೇ ನಿಂತು ಬಾಯಾರುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಲೋಟ ಹಾಕುತ್ತೇವೆ. ನಾನು ಮೊದಲ ವರ್ಷ ಟೊಮೆಟೊ ಸಸಿ ಒಂದು ಟ್ರೇ ಪೂರ್ತಿ ಹೀಗೇ ಕಳೆದುಕೊಂಡೆ.

ಕಪ್ ಎತ್ತಿ ನೋಡಿ. ಒಣ ಮಣ್ಣಿನ ಕಪ್ ಎಷ್ಟು ಹಗುರ, ನೀರು ಹಾಕಿದ ಕಪ್ ಎಷ್ಟು ಭಾರ ಅಂತ ಕೈಗೆ ಒಂದು ಸಲ ಗೊತ್ತಾದರೆ ಸಾಕು. ಹಗುರವಾಗುವವರೆಗೆ ನೀರು ಮುಟ್ಟಬೇಡಿ.

ಕಿಟಕಿತೋಟ (ಮ್ಯೂನಿಕ್)

ಮೊಸರಿನ ಕಪ್‌ಗಳು. ತೂತು ಮಾಡಿಲ್ಲ. ಕಿಟಕಿ ಕಟ್ಟೆ ಒದ್ದೆಯಾಗುತ್ತದೆ ಅಂತ ಮಾಡಲಿಲ್ಲ. ಈಗ ಎತ್ತಿ ನೋಡಿದೆ, ಎಂಟೂ ಕಲ್ಲಿನ ಹಾಗೆ ಭಾರ ಇವೆ.

ಮೆಣಸಿನ_ಹೊಲ (ಹಾವೇರಿ)

ತಂಗಿ, ಇವತ್ತೇ ತೂತು ಮಾಡಿ. ನಾಳೆ ಅನ್ನಬೇಡಿ. ಮೊಳೆ ಕಾಸಿ ತಳಕ್ಕೆ ನಾಲ್ಕೈದು ತೂತು ಹಾಕಿ, ಹಳೇ ಪೇಪರ್ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕಪ್ ಇಡಿ. ಜಾಸ್ತಿ ನೀರನ್ನು ಪೇಪರ್ ಎಳೆದುಕೊಳ್ಳುತ್ತದೆ. ಒದ್ದೆಯಾದ ಹಾಗೆ ಬದಲಿಸಿ.

ಮೆಣಸಿನ ಸಸಿಗೆ ನಮ್ಮ ಕಡೆ ಅಗಿ ಅನ್ನುತ್ತೇವೆ. ಅಗಿ ಹಾಕುವಾಗ ಯಾರೂ ತಗ್ಗಿನಲ್ಲಿ ಹಾಕುವುದಿಲ್ಲ, ಮಡಿ ಏರಿಸಿ ಹಾಕುತ್ತಾರೆ. ಮಳೆ ಹೊಡೆದರೂ ನೀರು ನಿಲ್ಲದೆ ಇಳಿದು ಹೋಗಬೇಕು. ನಿಂತರೆ ನೀವು ಹೇಳಿದ ರೋಗವೇ ಬರುತ್ತದೆ. ಬುಡ ಕೊಳೆತು ಗುಂಪು ಗುಂಪಾಗಿ ಮಲಗುತ್ತವೆ. ಅದು ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ಹಸಿ, ತಂಪು, ಗಾಳಿ ಇಲ್ಲದ ಜಾಗ ಸಿಕ್ಕರೆ ಒಂದೇ ರಾತ್ರಿ ಸಾಕು. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಅದನ್ನು ಮಣ್ಣು ಸಮೇತ ತೆಗೆದು ಎಸೆಯಿರಿ. ಆ ಮಣ್ಣನ್ನು ಮಾತ್ರ ಬೇರೆ ಕುಂಡಕ್ಕೆ ಹಾಕಬೇಡಿ.

ನೀರು ಹೊತ್ತು ನೋಡಿ ಹಾಕುವುದಲ್ಲ, ಹದ ನೋಡಿ ಹಾಕುವುದು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಬೆರಳಿನಿಂದ ಒತ್ತಿದರೆ ಉಂಡೆ ಒಡೆಯಬೇಕು. ಅಷ್ಟೇ ಹದ. ನಿಮ್ಮದು ಚಿಕ್ಕ ಕಪ್, ಮುಷ್ಟಿ ತುಂಬ ಮಣ್ಣು ತೆಗೆಯಲಾಗುವುದಿಲ್ಲ, ಅದಕ್ಕೆ ಬೆಂಗಳೂರಿನವರು ಹೇಳಿದ ಹಾಗೆ ತೂಕವೇ ಸರಿ. ಬೆಳಗ್ಗೆ ಮಾತ್ರ ಹಾಕಿ, ಸಂಜೆ ಬೇಡ. ರಾತ್ರಿಯೆಲ್ಲ ಮೇಲ್ಮಣ್ಣು ಒದ್ದೆ ಇರಬಾರದು.

ಮುಂದಿನ ವರ್ಷ ಬಿತ್ತುವ ಮುಂಚೆ ಬೀಜಕ್ಕೆ ಒಂದು ಚಿಟಿಕೆ ಟ್ರೈಕೋಡರ್ಮಾ ಸವರಿ, ಅದು ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ. ನಾವು ಅದನ್ನು ಬಿಟ್ಟು ಅಗಿ ಹಾಕುವುದೇ ಇಲ್ಲ.

ನೆಕಾರ್_ದಂಡೆ (ಸ್ಟುಟ್‌ಗಾರ್ಟ್)

ನಾನೂ ಇದೇ ದೇಶದಲ್ಲಿ ಆರು ವರ್ಷದಿಂದ ಮೆಣಸಿನಕಾಯಿ ಬೆಳೆಯುತ್ತಿದ್ದೇನೆ, ಅಕ್ಕ. ನೀರಿನ ಬಗ್ಗೆ ಅಣ್ಣ ಹೇಳಿದ್ದು ಪೂರ್ತಿ ಸರಿ. ಆದರೆ ಇಲ್ಲಿ ಇನ್ನೊಂದು ತೊಂದರೆ ಇದೆ, ಅದು ಬೆಳಕು. ಫೆಬ್ರವರಿಯ ಬಿಸಿಲು ನಮ್ಮ ಕಣ್ಣಿಗೆ ಸಾಕು ಅನ್ನಿಸುತ್ತದೆ, ಮೆಣಸಿಗೆ ಏನೇನೂ ಸಾಲದು. ಅದಕ್ಕೇ ಸಸಿ ಬೆಳಕು ಹುಡುಕುತ್ತಾ ಉದ್ದವಾಗಿದೆ. ಬೆಳಕು ಕಡಿಮೆ ಇರುವ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ, ಹಾಗಾಗಿ ಊರಿನ ಲೆಕ್ಕದಲ್ಲಿ ನೀರು ಹಾಕಿದರೆ ಇಲ್ಲಿ ಕೊಳೆಯುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ದುಬಾರಿ ಲೈಟ್ ಏನೂ ಬೇಡ. ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್ ಒಂದನ್ನು ಸಸಿಯ ತುದಿಯಿಂದ 15 ಸೆಂಟಿಮೀಟರ್ ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ರಾತ್ರಿ ಕತ್ತಲು ಬಿಡಿ, ಗಿಡಕ್ಕೂ ವಿಶ್ರಾಂತಿ ಬೇಕು. ಚಿಕ್ಕ ಫ್ಯಾನ್ ಇದ್ದರೆ ದೂರದಲ್ಲಿಟ್ಟು ಎಲೆ ಸ್ವಲ್ಪವೇ ಅಲುಗುವಷ್ಟು ಓಡಿಸಿ. ಕಾಂಡ ಗಟ್ಟಿಯಾಗುತ್ತದೆ, ಮೇಲ್ಮಣ್ಣೂ ಒಣಗುತ್ತದೆ.

ಹೀಟರ್ ಮೇಲಿನ ಕಿಟಕಿ ಕಟ್ಟೆ ಮೋಸದ ಜಾಗ. ಹಗಲಲ್ಲಿ ಬಿಸಿ ಒಣ ಗಾಳಿ ಏಳುತ್ತದೆ, ರಾತ್ರಿ ಗಾಜಿನ ಪಕ್ಕ ತಣ್ಣಗೆ ಕೊರೆಯುತ್ತದೆ. ಒಳಗಡೆ ಮೇಜಿನ ಮೇಲೆ ಲೈಟ್ ಕೆಳಗೆ ಇಡುವುದೇ ಒಳ್ಳೆಯದು, 20 ಡಿಗ್ರಿಗಿಂತ ಸ್ವಲ್ಪ ಮೇಲಿದ್ದರೆ ಸಾಕು. ನಲ್ಲಿ ನೀರನ್ನೂ ನೇರವಾಗಿ ಹಾಕಬೇಡಿ, ಈ ಚಳಿಗಾಲದಲ್ಲಿ ತುಂಬ ತಣ್ಣಗಿರುತ್ತದೆ. ರಾತ್ರಿಯೇ ಜಗ್‌ನಲ್ಲಿ ತುಂಬಿಟ್ಟು ಬೆಳಗ್ಗೆ ಬಳಸಿ. ಮ್ಯೂನಿಕ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಕೆಟಲ್‌ನಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿರುತ್ತೀರಿ. ಸಸಿಗೆ ಅದರಿಂದ ಈಗಲೇ ಏನೂ ಆಗುವುದಿಲ್ಲ, ಆ ಚಿಂತೆ ಬೇಡ.

ಆ ಕಪ್ಪು ನೊಣಕ್ಕೆ ಇಲ್ಲಿ ಟ್ರೌವರ್‌ಮ್ಯೂಕೆ ಅಂತಾರೆ. ಹಾರುವ ನೊಣ ಏನೂ ಮಾಡುವುದಿಲ್ಲ, ಅದರ ಮರಿಹುಳು ಒದ್ದೆ ಮಣ್ಣಿನಲ್ಲಿ ಎಳೆ ಬೇರು ತಿನ್ನುತ್ತದೆ. ಹಳದಿ ಅಂಟು ಕಾಗದ ತಂದು ಕಪ್‌ಗೆ ಚುಚ್ಚಿ. ಮಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಒಣ ಮರಳು ಹರಡಿ, ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ. ಆಮೇಲೆ ಮರಳಿನ ಮೇಲಿಂದ ನೀರು ಹಾಕಬೇಡಿ. ತಟ್ಟೆಯಲ್ಲಿ ಒಂದು ಬೆರಳು ದಪ್ಪ ನೀರು ಹಾಕಿ, ಕಪ್‌ಗಳನ್ನು 20 ನಿಮಿಷ ಅದರಲ್ಲಿ ನಿಲ್ಲಿಸಿ. ಕೆಳಗಿನಿಂದ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳುತ್ತವೆ. ಉಳಿದ ನೀರು ಚೆಲ್ಲಿ.

ತಾರಸಿ_ಹಸಿರು (ಬೆಂಗಳೂರು)

ಮರಳು ಒಳ್ಳೆಯದೇ, ಆದರೆ ಈಗಲೇ ಬೇಡ ಅನ್ನಿಸುತ್ತದೆ. ಮಣ್ಣು ಕಲ್ಲಿನಷ್ಟು ಭಾರ ಇರುವಾಗ ಮೇಲೆ ಮುಚ್ಚಿದರೆ ಒಣಗುವುದು ಇನ್ನೂ ನಿಧಾನ. ಮೊದಲು ಒಣಗಲಿ. ಹಸಿರು ಪದರವನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ, ಬುಡಕ್ಕೆ ತಾಗದ ಹಾಗೆ.

ನೆಕಾರ್_ದಂಡೆ (ಸ್ಟುಟ್‌ಗಾರ್ಟ್)

ಒಪ್ಪಿದೆ. ಒಣಗಿದ ಮೇಲೆ ಮರಳು.

ಕಿಟಕಿತೋಟ (ಮ್ಯೂನಿಕ್)

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅವತ್ತೇ ತೂತು ಮಾಡಿದೆ. ಒಂದು ಕಪ್‌ನಿಂದ ಎಷ್ಟು ನೀರು ಇಳಿಯಿತು ಅಂದರೆ ಪೇಪರ್ ಮೂರು ಸಲ ಬದಲಿಸಬೇಕಾಯಿತು. ಐದು ದಿನ ನೀರು ಮುಟ್ಟಲಿಲ್ಲ. ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ! ಅಮ್ಮನಿಗೂ ತೂಕದ ವಿಷಯ ಹೇಳಿದೆ, ಈಗ ದಿನಾ ಫೋನ್ ಮಾಡಿ ಕಪ್ ಹಗುರ ಆಯಿತಾ ಅಂತ ಕೇಳುತ್ತಾರೆ.

ಇನ್ನೂ ಎರಡು ಹೋದವು. ಆರು ಉಳಿದಿವೆ. ಆರರಲ್ಲೂ ನಡುವೆ ಹೊಸ ಎಲೆಯ ಜೋಡಿ ಬಂದಿದೆ, ಕಡು ಹಸಿರು. ಹಳದಿಯಾದ ಬೀಜದೆಲೆ ಹಾಗೇ ಇದೆ, ಅದು ಹಸಿರಾಗಲೇ ಇಲ್ಲ. ಪರವಾಗಿಲ್ವಾ? ದೊಡ್ಡ ಕುಂಡಕ್ಕೆ ಯಾವಾಗ ಬದಲಿಸಲಿ? ಉದ್ದ ಕಾಂಡವನ್ನು ಮಣ್ಣಿನಲ್ಲಿ ಹೂತುಬಿಡಬಹುದಾ?

ಮೆಣಸಿನ_ಹೊಲ (ಹಾವೇರಿ)

ಬೀಜದೆಲೆ ಹೋದರೆ ಹೋಗಲಿ, ಅದರ ಕೆಲಸ ಮುಗಿಯಿತು. ಹೊಸ ಎಲೆ ನೋಡುತ್ತಾ ಇರಿ. ನಾಲ್ಕು ಎಲೆ ಬಂದ ಮೇಲೆ ಬದಲಿಸಿ, ಆಗ ಗೊಬ್ಬರವನ್ನು ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗ ಕೊಡಿ. ಟೊಮೆಟೊ ಆದರೆ ಕುತ್ತಿಗೆವರೆಗೆ ಹೂಳಬಹುದು, ಕಾಂಡದಿಂದಲೇ ಬೇರು ಬಿಡುತ್ತದೆ. ಮೆಣಸು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬೀಜದೆಲೆಗಿಂತ ಸ್ವಲ್ಪ ಕೆಳಗಿನವರೆಗೆ ಮಣ್ಣು ಏರಿಸಿ, ಅದಕ್ಕಿಂತ ಮೇಲೆ ಬೇಡ. ಎತ್ತುವಾಗ ಕಾಂಡ ಹಿಡಿಯಬೇಡಿ, ಎಲೆ ಹಿಡಿದು ಎತ್ತಿ. ಎಲೆ ಹರಿದರೆ ಇನ್ನೊಂದು ಬರುತ್ತದೆ.

ನೆಕಾರ್_ದಂಡೆ (ಸ್ಟುಟ್‌ಗಾರ್ಟ್)

ದೊಡ್ಡ ಕುಂಡ ಅಂತ ಒಂದೇ ಸಲ ಹತ್ತು ಲೀಟರ್‌ಗೆ ಹಾಕಬೇಡಿ ಅಕ್ಕ, ಚಿಕ್ಕ ಬೇರು ಅಷ್ಟು ಮಣ್ಣಿನ ನೀರು ಕುಡಿಯುವುದಿಲ್ಲ, ಮತ್ತೆ ಅದೇ ಕಥೆ. ಈಗ 9 ಸೆಂಟಿಮೀಟರ್ ಕುಂಡ ಸಾಕು. ಹೊರಗೆ ಇಡುವುದು ಮೇ 15 ಕಳೆದ ಮೇಲೆ, ಇಲ್ಲಿನವರು ಐಸ್‌ಹೈಲಿಗೆ ಅನ್ನುವ ಚಳಿ ದಿನಗಳು ಮುಗಿಯಲಿ. ಅದಕ್ಕೂ ಒಂದು ವಾರ ಮೊದಲು ಹಗಲಲ್ಲಿ ನೆರಳಿಗೆ ಇಟ್ಟು ಸಂಜೆ ಒಳಗೆ ತನ್ನಿ. ಆಗ ಹತ್ತು ಲೀಟರ್ ಕುಂಡ ಕೊಳ್ಳಿ, ಆರು ಬೇಕಾಗುತ್ತವೆ.