ಸಹಾಯ ಬೇಕು: ಟ್ರೇಲರ್ ಓಲಾಟ ನಿಂತಿತು, ಈಗ ಕಾರಿನ ಹಿಂಭಾಗ ಕುಸಿಯುತ್ತಿದೆ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅಡಿಕೆ ಚೀಲ ಸಾಗಿಸಲು ನಮ್ಮ ಸಣ್ಣ ಎಸ್‌ಯುವಿಗೆ ಟ್ರೇಲರ್ ಕಟ್ಟುತ್ತೇನೆ. ಮಂಡಗದ್ದೆ ದಾಟಿ ವೇಗ 50 ಆದರೆ ಸಾಕು, ಅದು ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು. ಎದುರಿಂದ ಬಸ್ ಬಂದರೆ ಎದೆ ಡವಡವ. ಟೈರಿನ ಗಾಳಿ, ಬೇರಿಂಗ್, ಕೊಕ್ಕೆ ಎಲ್ಲ ನೋಡಿಸಿದೆ, ಸರಿ ಇವೆ.

ಹೊರೆ ಸೇರಿ ಟ್ರೇಲರಿನ ಒಟ್ಟು ತೂಕದ ಸುಮಾರು ಶೇ. 10 ಕೊಕ್ಕೆಯ ಮೇಲೆ ಕೂರಬೇಕು ಅಲ್ವಾ? ಮೂಕಿಯ (ಕೊಕ್ಕೆಗೆ ಸೇರುವ ಟ್ರೇಲರಿನ ಮುಂದಿನ ಕಂಬಿ) ಕೆಳಗೆ ತೂಕದ ಯಂತ್ರ ಇಟ್ಟೆ. 400 ಕೆಜಿಗೆ ಬರೀ 15! ಚೀಲ ಮುಂದಕ್ಕೆ ಸರಿಸಿ 40 ಮಾಡಿದ ಮೇಲೆ ಓಲಾಟ ನಿಂತಿತು.

ಆದರೆ ಈಗ ಕಾರಿನ ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತಿದೆ. ಮಳೆಯಲ್ಲಿ ಇಳಿಜಾರು ಬಂದರೆ ಸ್ಟೀರಿಂಗ್ ಹಗುರ ಅನಿಸುತ್ತದೆ. ಎರಡನೇ ಗೇರಿನಲ್ಲಿ ಇಳಿದರೂ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಅದಕ್ಕೆ ಬೇರೆ ಬ್ರೇಕ್ ಇಲ್ಲ.

40 ಕೆಜಿ ಹಾಗೇ ಇಟ್ಟು ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸಬೇಕಾ, ಅಥವಾ ಹೊರೆ ಕಡಿಮೆ ಮಾಡಿ ಟ್ರೇಲರಿಗೇ ಬ್ರೇಕ್ ಹಾಕಿಸಬೇಕಾ? ಮಲೆನಾಡಿನ ರಸ್ತೆಯಲ್ಲಿ ಎಳೆದ ಅನುಭವ ಇರುವವರು ದಯವಿಟ್ಟು ತಿಳಿಸಿ.