ಚೂರಿಯಿಲ್ಲದವನು ಯೋಧನಲ್ಲವೇ? ಕುಟುಂಬದ ಗುಂಪಿನಲ್ಲಿ ನಡೆದ ಒಂದು ವಾಗ್ವಾದ

ಪ್ರಮೋದ್ (ಬೇರೆಡೆಯಿಂದ ಬಂದ ಸಂದೇಶ, ಚಿತ್ರದೊಂದಿಗೆ): ಯೋಧನನ್ನು ಅವನ ಚೂರಿಯಿಂದ ಗುರುತಿಸಿ. ಗೂರ್ಖಾಗಳ ಬಾಗಿದ ಚೂರಿ ಖುಕ್ರಿ ಒರೆಯಿಂದ ಹೊರಬಂದರೆ ರಕ್ತ ಕಾಣದೆ ಮರಳದು. ಸೈನಿಕರ ಚೂರಿಯ ಅಲಗಿನಲ್ಲಿರುವ ಉದ್ದನೆಯ ಕೊರಕಲು ರಕ್ತ ಹರಿದುಹೋಗಲೆಂದೇ ಮಾಡಿದ್ದು. ಸೊಂಟದಲ್ಲಿ ಚೂರಿಯಿಲ್ಲದವನು ಸಮವಸ್ತ್ರ ತೊಟ್ಟ ಗುಮಾಸ್ತ ಮಾತ್ರ. ಅಭಿಮಾನವಿದ್ದರೆ ಹತ್ತು ಜನರಿಗೆ ಕಳುಹಿಸಿ.

ಪ್ರಮೋದ್: ಎಲ್ಲರಿಗೂ ನಮಸ್ಕಾರ. ಸುಹಾಸ ಮುಂದಿನ ತಿಂಗಳು ಸೇನೆಯ ತರಬೇತಿಗೆ ಹೊರಡುತ್ತಿರುವುದರಿಂದ ಇದನ್ನು ಹಂಚಿಕೊಂಡಿದ್ದೇನೆ. ಚಿತ್ರದಲ್ಲಿರುವುದು ಅಮೆರಿಕದ ಮರೀನ್ ಪಡೆ 1942ರಲ್ಲಿ ಅಳವಡಿಸಿಕೊಂಡ ಕಾ-ಬಾರ್ ಚೂರಿ. ಏಳು ಅಂಗುಲದ ಅಲಗು, ಚರ್ಮದ ಬಿಲ್ಲೆಗಳನ್ನು ಒತ್ತಿ ಮಾಡಿದ ಹಿಡಿ. ನಾವೆಲ್ಲ ಸೇರಿ ಅಂಥದೊಂದನ್ನು ಅವನಿಗೆ ಉಡುಗೊರೆಯಾಗಿ ಕೊಡಿಸೋಣವೇ?

ಚಿಕ್ಕಪ್ಪ: ಪ್ರಮೋದ್, ಉಡುಗೊರೆಯ ಮಾತು ಆಮೇಲೆ ಆಡೋಣ. "ಸಮವಸ್ತ್ರ ತೊಟ್ಟ ಗುಮಾಸ್ತ" ಎಂಬ ಸಾಲನ್ನು ಓದಿಯೇ ಕಳುಹಿಸಿದೆಯಾ? ನಾನು ವಾಯುಪಡೆಯ ಸೇವೆಯನ್ನೆಲ್ಲ ವಿಮಾನಗಳ ದುರಸ್ತಿಯಲ್ಲಿ ಕಳೆದವನು. ಸ್ವಂತದ ಚೂರಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಿಮಾನದ ಬಳಿ ಹೋಗಿದ್ದರೆ ನನ್ನನ್ನು ಶೂರನೆಂದು ಯಾರೂ ಕೊಂಡಾಡುತ್ತಿರಲಿಲ್ಲ, ವಿಚಾರಣೆಗೆ ನಿಲ್ಲಿಸುತ್ತಿದ್ದರು. ನಮ್ಮ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿಗೂ ಪ್ರತಿಯೊಂದು ಸ್ಕ್ರೂಡ್ರೈವರಿಗೂ ಅದರದೇ ಆಕಾರದ ಗುರುತು ಇರುತ್ತದೆ; ಕೆಲಸ ಮುಗಿಸಿ ಎಲ್ಲವನ್ನೂ ಹಿಂದಿರುಗಿಸಿದ ಮೇಲೆ ಒಂದೇ ಒಂದು ಗುರುತು ಖಾಲಿ ಉಳಿದರೂ, ಅದು ಸಿಗುವವರೆಗೆ ಆ ವಿಮಾನ ನೆಲ ಬಿಡುವಂತಿಲ್ಲ. ಜೆಟ್ ಎಂಜಿನ್ ಒಂದು ಸಣ್ಣ ನಟ್ಟನ್ನು ಒಳಗೆಳೆದುಕೊಂಡರೂ ಅದರ ಬ್ಲೇಡುಗಳು ಹಾಳಾಗುತ್ತವೆ. ಕಾಕ್‌ಪಿಟ್ಟಿನೊಳಗೆ ಮರೆತುಹೋದ ಉಪಕರಣವೊಂದು ನಿಯಂತ್ರಣದ ಸರಳುಗಳ ನಡುವೆ ಸಿಕ್ಕಿಕೊಂಡರೆ ಆಕಾಶದಲ್ಲಿರುವ ಪೈಲಟ್‌ನ ಗತಿ ಏನಾಗುತ್ತದೆಂದು ನೀನೇ ಊಹಿಸಿಕೋ. ಜೇಬು ಖಾಲಿ ಇರಬೇಕು ಎಂಬುದೇ ನಮ್ಮ ಕೆಲಸದ ಮೊದಲ ಪಾಠ.

ಪ್ರಮೋದ್: ಕ್ಷಮಿಸಿ ಚಿಕ್ಕಪ್ಪ, ನಿಮ್ಮನ್ನು ಉದ್ದೇಶಿಸಿ ಕಳುಹಿಸಿದ್ದಲ್ಲ. ಆ ಬರಹ ಮುಂಚೂಣಿಯಲ್ಲಿ ಶತ್ರುವಿಗೆ ಎದುರಾಗಿ ನಿಲ್ಲುವವರ ಬಗ್ಗೆ ಇದೆ. ಅವರ ಮಟ್ಟಿಗಾದರೂ ಚೂರಿಯೇ ಕೊನೆಯ ಆಸರೆಯಲ್ಲವೇ?

ದೊಡ್ಡಪ್ಪ: ಮುಂಚೂಣಿಯ ಮಾತು ಬಂದಿದ್ದರಿಂದ ನಾನೂ ಬರೆಯುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲಿಗೆ ಖುಕ್ರಿಯ ಕಥೆ. ಅದನ್ನು ಎತ್ತಿದಾಗಲೆಲ್ಲ ರಕ್ತ ಕಾಣಿಸಲೇಬೇಕೆಂದಿದ್ದರೆ ಗೂರ್ಖಾ ಪಡೆಗಳಲ್ಲಿ ಒಬ್ಬನ ಬೆರಳೂ ಉಳಿಯುತ್ತಿರಲಿಲ್ಲ, ಏಕೆಂದರೆ ಅವರು ಅದರಿಂದಲೇ ಸೌದೆ ಸೀಳುತ್ತಾರೆ, ಪೊದೆ ಸವರುತ್ತಾರೆ, ತರಕಾರಿಯನ್ನೂ ಹೆಚ್ಚುತ್ತಾರೆ. ಅದರ ಒರೆಯಲ್ಲಿ ಇನ್ನೆರಡು ಚಿಕ್ಕ ತುಂಡುಗಳಿರುತ್ತವೆ: ಸಣ್ಣ ಕೆಲಸಗಳಿಗೆ ಕರ್ದಾ ಎಂಬ ಪುಟ್ಟ ಚಾಕು, ಅಲಗನ್ನು ಮಸೆದು ಸರಿಪಡಿಸಲು ಮತ್ತು ಕಿಡಿ ಹೊತ್ತಿಸಲು ಚಕ್ಮಕ್. ಕಾಳಗದಲ್ಲಿ ಖುಕ್ರಿ ಏನು ಮಾಡಬಲ್ಲದೆಂಬುದನ್ನು ಆ ಪಡೆಗಳ ಇತಿಹಾಸವೇ ಹೇಳುತ್ತದೆ, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಮಸೆಯುವ ಸಾಧನವನ್ನು ಒರೆಯಲ್ಲೇ ಸಿದ್ಧವಾಗಿ ಇಟ್ಟುಕೊಳ್ಳಲು ಕಾರಣ ದಿನದ ದುಡಿಮೆ. ಅಲಗಿನ ಕೊರಕಲಿನ ಕಥೆಯೂ ಇದೇ ಜಾತಿಯದು. ಲೋಹವನ್ನು ಅಲ್ಲಿ ತೆಗೆದುಹಾಕಿದರೆ ಅಲಗಿನ ಬಿಗುಪು ಹೆಚ್ಚು ಕಡಿಮೆಯಾಗದೆ ತೂಕ ಇಳಿಯುತ್ತದೆ, ಅಷ್ಟೆ. ರಕ್ತಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ನೀನು ಮೆಚ್ಚಿರುವ ಕಾ-ಬಾರ್. ಮರೀನರು ಅದರಿಂದ ಡಬ್ಬ ತೆರೆದರು, ಗುಂಡಿ ತೋಡಿದರು, ತಂತಿ ಕತ್ತರಿಸಿದರು, ಹಿಡಿಯ ತುದಿಯಿಂದ ಡೇರೆಯ ಗೂಟಗಳನ್ನು ಹೊಡೆದರು. ಅದು ಇಂದಿಗೂ ಹೆಸರುವಾಸಿಯಾಗಿರುವುದು ಇಷ್ಟೆಲ್ಲ ಏಟು ತಿಂದೂ ಮುರಿಯಲಿಲ್ಲವೆಂಬ ಕಾರಣಕ್ಕೆ. ಅದರ ಪಕ್ಕದಲ್ಲಿ ಬ್ರಿಟಿಷ್ ಕಮಾಂಡೋಗಳ ಫೇರ್‌ಬೇರ್ನ್-ಸೈಕ್ಸ್ ಚೂರಿಯನ್ನು ಇಟ್ಟು ನೋಡು. ಶಾಂಘೈನ ಪೊಲೀಸ್ ಪಡೆಯಲ್ಲಿ ದುಡಿದಿದ್ದ ಇಬ್ಬರು ಅದರ ವಿನ್ಯಾಸ ಮಾಡಿದರು, ವಿಲ್ಕಿನ್ಸನ್ ಸ್ವೋರ್ಡ್ ಸಂಸ್ಥೆ 1941ರಲ್ಲಿ ತಯಾರಿಸಿಕೊಟ್ಟಿತು. ಮನುಷ್ಯನನ್ನು ಇರಿಯುವುದಕ್ಕೆಂದೇ ಮಾಡಿದ್ದರಿಂದ ಅದರ ಮೊನೆ ಬಹಳ ತೆಳುವಾಗಿತ್ತು. ಪೆಟ್ಟಿಗೆಯ ಮುಚ್ಚಳ ಮೀಟಲು ಹೋದವರ ಕೈಯಲ್ಲಿ ಆ ಮೊನೆ ಮುರಿದೇ ಹೋಗುತ್ತಿತ್ತು. ಸೈನಿಕನ ಪಾಲಿಗೆ ಪೆಟ್ಟಿಗೆ ಮೀಟುವ ಸಂದರ್ಭ ದಿನವೂ ಬರುತ್ತದೆ, ಇನ್ನೊಂದು ಸಂದರ್ಭ ಇಡೀ ಸೇವೆಯಲ್ಲಿ ಒಮ್ಮೆಯೂ ಬರದಿರಬಹುದು.

ಪ್ರಮೋದ್: ಹಾಗಾದರೆ ದೊಡ್ಡಪ್ಪ, ಸೇನೆಯ ಇಂಜಿನಿಯರ್ ದಳದಲ್ಲಿ ನೀವು ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿಯನ್ನು, ಅಂದರೆ ಬಯೋನೆಟ್ಟನ್ನು, ಹಿಡಿದೇ ಇಲ್ಲವೇ?

ದೊಡ್ಡಪ್ಪ: ಹಿಡಿದಿದ್ದೇನೆ, ಹೆಚ್ಚಾಗಿ ಹೊಟ್ಟೆಯ ಮೇಲೆ ಮಲಗಿಕೊಂಡು ಹಿಡಿದಿದ್ದೇನೆ. ನೆಲಬಾಂಬುಗಳಿರುವ ಜಾಗದಲ್ಲಿ ದಾರಿ ಬಿಡಿಸುವಾಗ, ಯಂತ್ರಕ್ಕೆ ಸುಳಿವು ಸಿಗದಷ್ಟು ಕಡಿಮೆ ಲೋಹವಿರುವ ಬಾಂಬುಗಳನ್ನು ಕೈಯಿಂದಲೇ ಹುಡುಕಬೇಕಾಗುತ್ತದೆ. ಚುಚ್ಚುಗೋಲನ್ನು, ಅದಿಲ್ಲದಿದ್ದರೆ ಬಯೋನೆಟ್ಟನ್ನು, ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಮೆತ್ತಗೆ ಒಳಗೆ ತಳ್ಳುತ್ತೇವೆ. ಒತ್ತಿದರೆ ಸಿಡಿಯುವ ತಟ್ಟೆ ಬಾಂಬಿನ ನೆತ್ತಿಯ ಮೇಲಿರುವುದರಿಂದ, ಓರೆಯಾಗಿ ಹೋದ ಮೊನೆ ಅದರ ಪಕ್ಕಕ್ಕೆ ತಾಗುತ್ತದೆ. ನೆಟ್ಟಗೆ ಚುಚ್ಚಿದವನಿಗೆ ಎರಡನೆಯ ಅವಕಾಶ ಇರುವುದಿಲ್ಲ. ಏನೂ ತಾಗದಿದ್ದರೆ ಮೊನೆಯನ್ನು ಹೊರತೆಗೆದು, ಎರಡು ಬೆರಳು ಆಚೆಗೆ ಸರಿಸಿ, ಮತ್ತೆ ಅಷ್ಟೇ ಮೆತ್ತಗೆ ತಳ್ಳಬೇಕು. ಮಣ್ಣಿನೊಳಗೆ ಕಲ್ಲು ತಾಗಿದಾಗಲೂ ಕೈಗೆ ಅದೇ ತಡೆ ಸಿಗುವುದರಿಂದ ಪ್ರತಿ ಕಲ್ಲನ್ನೂ ಬಾಂಬೆಂದೇ ನಂಬಿ ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸಬೇಕು. ಒಬ್ಬ ಮನುಷ್ಯ ಮಲಗುವಷ್ಟು ಜಾಗ ದಾಟಲು ಎಷ್ಟು ಹೊತ್ತಾಗುತ್ತದೆಂದು ಕೇಳಬೇಡ. ಆ ಕೆಲಸದಲ್ಲಿ ಹರಿತಕ್ಕೆ ಬೆಲೆಯಿಲ್ಲ, ಮಣಿಕಟ್ಟಿನ ಹಿಡಿತಕ್ಕೆ ಬೆಲೆ.

ನಂದಿನಿ: ಪ್ರಮೋದಣ್ಣ, ಹಡಗಿನಿಂದ ನನ್ನದೂ ಒಂದು ಮಾತು. ನಾವಿಕರ ಸಾಂಪ್ರದಾಯಿಕ ಚಾಕುವಿಗೆ ಚೂಪಾದ ಮೊನೆಯೇ ಇರುವುದಿಲ್ಲ. ಓಲಾಡುವ ಹಡಗಿನಲ್ಲಿ ಅದು ಕೈಜಾರಿ ಬಿದ್ದರೂ ಕೆಳಗಿರುವವರಿಗೆ ಚುಚ್ಚಬಾರದು, ಹಗ್ಗ ಕತ್ತರಿಸುವಾಗ ಪಕ್ಕದ ಹಗ್ಗಕ್ಕೂ ಹಾಯಿಗೂ ತಾಗಬಾರದು ಎಂದೇ ಅದರ ತುದಿಯನ್ನು ಮೊಂಡಾಗಿ ಮಾಡಿರುತ್ತಾರೆ. ಜೊತೆಗೆ ಗಂಟು ಬಿಡಿಸಲು ಒಂದು ಮೊಳೆ ಇರುತ್ತದೆ. ಇಂದಿನ ಯುದ್ಧನೌಕೆಯಲ್ಲಿ ನಾವು ನಿಜವಾಗಿ ಅಂಜುವುದು ಬೆಂಕಿಗೆ. ಮುಖವನ್ನೂ ಕೈಗಳನ್ನೂ ಮುಚ್ಚುವ ಬಿಳಿಯ ಗವಸುಗಳು, ಹೊಗೆಯಲ್ಲಿ ಉಸಿರಾಡುವ ಮುಖವಾಡ, ಕತ್ತಲಲ್ಲೂ ತಡಕದೆ ಹೊರಬರಲು ದಾರಿಯ ನೆನಪು, ಇವೇ ನಮ್ಮ ಆಯುಧಗಳು. ಅಡುಗೆಯವನಿಂದ ಹಿಡಿದು ಕಮಾಂಡರ್‌ವರೆಗೆ ಹಡಗಿನಲ್ಲಿ ಎಲ್ಲರಿಗೂ ಬೆಂಕಿ ನಂದಿಸುವ ತರಬೇತಿ ಇರುತ್ತದೆ. ಅಂದಹಾಗೆ, ಸಶಸ್ತ್ರ ಪಡೆಗಳಲ್ಲಿ ಅತ್ಯಂತ ಹೆಚ್ಚು ಹೊತ್ತು ಚೂರಿ ಹಿಡಿಯುವವನು ಆ ಅಡುಗೆಯವನೇ. ನಿಮ್ಮ ಬರಹದ ಲೆಕ್ಕದಲ್ಲಿ ಅವನೇ ಮಹಾವೀರ.

ಪ್ರಮೋದ್: ನಂದಿನಿ, ಹಾಸ್ಯ ಚೆನ್ನಾಗಿದೆ. ಆದರೆ ಎಲ್ಲರೂ ಒಂದೇ ಕಡೆಯಿಂದ ಮಾತನಾಡುತ್ತಿದ್ದೀರಿ. 2004ರ ಮೇ ತಿಂಗಳಲ್ಲಿ ಇರಾಕಿನ ಅಮಾರಾ ಪಟ್ಟಣದ ಬಳಿ ಹೊಂಚುದಾಳಿಗೆ ಸಿಕ್ಕಿದ ಬ್ರಿಟಿಷ್ ಸೈನಿಕರು ಬಂದೂಕಿಗೆ ಬಯೋನೆಟ್ ಸಿಕ್ಕಿಸಿಕೊಂಡು ಕಂದಕಗಳ ಮೇಲೆ ನುಗ್ಗಿದರಲ್ಲ, ಅದು ಇಪ್ಪತ್ತೊಂದನೆಯ ಶತಮಾನದಲ್ಲೇ ನಡೆದದ್ದು. ಅಲಗು ಕಂಡಾಗ ಎದುರಾಳಿಯ ಎದೆ ನಡುಗುತ್ತದೆ, ಹಿಡಿದವನ ಎದೆ ಗಟ್ಟಿಯಾಗುತ್ತದೆ. ಇದಕ್ಕೆ ನಿಮ್ಮ ಸ್ಪ್ಯಾನರ್ ಹಲಗೆಯಲ್ಲಿ ಜಾಗವಿಲ್ಲ, ಚಿಕ್ಕಪ್ಪ.

ಚಿಕ್ಕಪ್ಪ: ಜಾಗವಿಲ್ಲ, ನಿಜ. ಆದರೆ ಅಮೆರಿಕದ ಭೂಸೇನೆಯೇ 2010ರಲ್ಲಿ ಬಯೋನೆಟ್ ದಾಳಿಯ ಅಭ್ಯಾಸವನ್ನು ಆರಂಭಿಕ ತರಬೇತಿಯಿಂದ ಕೈಬಿಟ್ಟಿತು.

ದೊಡ್ಡಪ್ಪ: ಇಲ್ಲಿ ಪ್ರಮೋದನ ಪರವಾಗಿ ಒಂದು ಮಾತು ಹೇಳಲೇಬೇಕು. ಭೂಸೇನೆ ಕೈಬಿಟ್ಟರೂ ಅದೇ ದೇಶದ ಮರೀನ್ ಪಡೆ ಬಯೋನೆಟ್ಟನ್ನು ಉಳಿಸಿಕೊಂಡಿದೆ, ಮತ್ತು ಹೊಸಬನ ಅಳುಕನ್ನು ಮುರಿಯಲು ಆ ಅಭ್ಯಾಸದಷ್ಟು ನೇರವಾದದ್ದು ಇನ್ನೊಂದಿಲ್ಲವೆಂದು ನಂಬುವ ಹಳೆಯ ತರಬೇತುದಾರರಲ್ಲಿ ನಾನೂ ಒಬ್ಬ. ಅಷ್ಟಾದರೂ ಬಯೋನೆಟ್ ತಯಾರಿಸುವವರು ಏನು ಮಾಡಿದ್ದಾರೆಂದು ಗಮನಿಸು. ಎಕೆ ಬಂದೂಕಿನ ಬಯೋನೆಟ್ಟಿನ ಅಲಗಿನಲ್ಲಿ ಒಂದು ತೂತಿದೆ. ಒರೆಯ ತುದಿಯ ಗುಬುಟಿಗೆ ಅದನ್ನು ಕೂಡಿಸಿದರೆ ಮುಳ್ಳುತಂತಿ ಕತ್ತರಿಸುವ ಕತ್ತರಿಯಾಗುತ್ತದೆ. ಅಮೆರಿಕದವರೂ 1986ರಲ್ಲಿ ತಂದ ಎಂ9 ಬಯೋನೆಟ್ಟಿಗೆ ಇದೇ ಉಪಾಯವನ್ನು ಅಳವಡಿಸಿಕೊಂಡರು. ದಾಳಿಗೆ ನುಗ್ಗುವವನನ್ನು ಮೊದಲು ತಡೆಯುವುದು ತಂತಿಬೇಲಿ ಎಂಬುದು ಅವರಿಗೆ ಗೊತ್ತಿತ್ತು.

ಚಿಕ್ಕಪ್ಪ: ಸ್ವಿಟ್ಜರ್ಲೆಂಡಿನವರ ಉದಾಹರಣೆಯನ್ನು ನಾನು ಸೇರಿಸುತ್ತೇನೆ. ಜಗತ್ತಿನಲ್ಲೇ ಅತ್ಯಂತ ಪ್ರಸಿದ್ಧವಾದ ಸೈನಿಕರ ಚಾಕು ಅವರದು. 1891ರಲ್ಲಿ ಅದು ಸೈನಿಕರ ಕೈಗೆ ಬಂದಾಗ ಅದರಲ್ಲಿ ಅಲಗಿನ ಜೊತೆಗೆ ಇದ್ದದ್ದು ಡಬ್ಬ ತೆರೆಯುವ ಕೊಕ್ಕೆ, ತೂತು ಕೊರೆಯುವ ಮೊನೆ ಮತ್ತು ಸ್ಕ್ರೂಡ್ರೈವರ್. ಆಗಷ್ಟೇ ಕೊಟ್ಟಿದ್ದ ಹೊಸ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಗಿತ್ತು, ಊಟದ ಡಬ್ಬ ತೆರೆಯಲು ಕೊಕ್ಕೆ ಬೇಕಾಗಿತ್ತು. 2008ರ ಹೊಸ ಮಾದರಿಯ ತೂಕ 131 ಗ್ರಾಂ. ನೀನು ಆರಿಸಿರುವ ಕಾ-ಬಾರ್ ಒರೆಯಿಲ್ಲದೆಯೇ ಸುಮಾರು 300 ಗ್ರಾಂ ತೂಗುತ್ತದೆ.

ಪ್ರಮೋದ್: ಇನ್ನೂರು ಗ್ರಾಂ ಹೆಚ್ಚಾದರೆ ಯೋಧನೊಬ್ಬ ಕುಸಿದುಬೀಳುತ್ತಾನೆಯೇ, ಚಿಕ್ಕಪ್ಪ?

ದೊಡ್ಡಪ್ಪ: ಇದನ್ನು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಸೈನಿಕನ ಬದುಕಿನ ತಿರುಳೇ ಈ ಲೆಕ್ಕ. ಹತ್ತು ಜನ ಹಿತೈಷಿಗಳು "ಇನ್ನೂರು ಗ್ರಾಂ ತಾನೆ" ಎಂದರೆ ಅವನ ಬೆನ್ನಿಗೆ ಎರಡು ಕಿಲೋ ಏರುತ್ತದೆ. ಮೂವತ್ತು ಗುಂಡು ತುಂಬಿದ ಒಂದು ಮ್ಯಾಗಜೀನ್ ಸುಮಾರು ಅರ್ಧ ಕಿಲೋ, ಒಂದು ಲೀಟರ್ ನೀರು ಒಂದು ಕಿಲೋ. ಇವೆರಡನ್ನೂ ಯಾರೂ ಇಳಿಸುವಂತಿಲ್ಲ. ಇದರ ಮೇಲೆ ಗುಂಡುನಿರೋಧಕ ಕವಚ, ಶಿರಸ್ತ್ರಾಣ, ರಾತ್ರಿ ನೋಡುವ ದುರ್ಬೀನು. ರೇಡಿಯೋ ಹೊರುವವನಾದರೆ ಅದಕ್ಕೆ ಬೇಕಾದ ಬ್ಯಾಟರಿಗಳೂ ಅವನ ಬೆನ್ನಿಗೇ ಸೇರುತ್ತವೆ; ಮೆಷಿನ್ ಗನ್ನಿನವನ ಪಾಡು ಅದಕ್ಕಿಂತ ಕಡೆ, ಅವನ ಗುಂಡಿನ ಸರಪಳಿಗಳನ್ನು ಇಡೀ ತಂಡ ಹಂಚಿಕೊಂಡು ಹೊರುತ್ತದೆ. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಮೇ 25ರಂದು ಅಟ್ಲಾಂಟಿಕ್ ಕನ್ವೇಯರ್ ಎಂಬ ಬ್ರಿಟಿಷ್ ಹಡಗಿಗೆ ಕ್ಷಿಪಣಿ ಬಡಿದು, ಅದರಲ್ಲಿದ್ದ ಹೆಲಿಕಾಪ್ಟರುಗಳು ಸುಟ್ಟುಹೋದವು. ಅವುಗಳಲ್ಲಿ ಹಾರಿಹೋಗಬೇಕಾಗಿದ್ದ ಬ್ರಿಟಿಷ್ ಮರೀನ್ ಕಮಾಂಡೋಗಳು ಸುಮಾರು 36 ಕಿಲೋ ಹೊರೆ ಹೊತ್ತು, ಜೌಗುನೆಲದಲ್ಲಿ, ಮೂರು ದಿನಗಳಲ್ಲಿ ಸುಮಾರು 90 ಕಿಲೋಮೀಟರ್ ನಡೆದರು. ಅವರಲ್ಲಿ ಅನೇಕರನ್ನು ಬಾಧಿಸಿದ್ದು ಒದ್ದೆ ಬೂಟಿನೊಳಗೆ ಬೆಂದು ಊದಿಕೊಂಡ ಪಾದಗಳು. ಆ ಸಾಲಿನಲ್ಲಿ ಯಾರಾದರೂ ದೊಡ್ಡ ಚೂರಿಯನ್ನು ಎಸೆದು ಒಣಗಿದ ಕಾಲುಚೀಲಗಳನ್ನು ಪಡೆಯುವಂತಿದ್ದರೆ ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ.

ಅತ್ತೆ: ಇಷ್ಟು ಹೊತ್ತು ಓದುತ್ತಿದ್ದೆ. ಸೇನಾ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳಾಗಿ ಹೇಳುತ್ತೇನೆ: ಗಾಯಾಳುವಿನ ಬಟ್ಟೆ ಕತ್ತರಿಸಲು ಚೂರಿ ತೆಗೆದವನನ್ನು ನಾನು ಪಕ್ಕಕ್ಕೆ ತಳ್ಳುತ್ತಿದ್ದೆ. ಅದಕ್ಕೆಂದೇ ಮೊಂಡು ತುದಿಯ, ಬಾಗಿದ ಕತ್ತರಿಯಿದೆ. ಚರ್ಮಕ್ಕೆ ತಾಗದಂತೆ ಬೂಟಿನಿಂದ ಸೊಂಟದವರೆಗೆ ಒಂದೇ ಸಲಕ್ಕೆ ಸೀಳಿಕೊಂಡು ಹೋಗುತ್ತದೆ. ಸೈನಿಕರು ರಕ್ತಸ್ರಾವ ನಿಲ್ಲಿಸಲು ಬಿಗಿಯುವ ಟೂರ್ನಿಕೆಟ್ ಪಟ್ಟಿಯನ್ನು ಎಡಗೈಗೂ ಬಲಗೈಗೂ ಎಟುಕುವ ಜಾಗದಲ್ಲಿ ಇಟ್ಟುಕೊಳ್ಳುವುದೇಕೆಂದು ಸುಹಾಸನಿಗೆ ತಿಳಿಸಿ. ಗುಂಡು ಯಾವ ಕೈಗೆ ತಗಲುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಉಳಿದ ಒಂದೇ ಕೈಯಿಂದ ತಾನೇ ಬಿಗಿದುಕೊಳ್ಳಬೇಕಾಗುತ್ತದೆ. ಬಿಗಿದ ಸಮಯವನ್ನು ಅದರ ಮೇಲೆ ಬರೆಯಲು ಒಂದು ಮಾಸದ ಪೆನ್ನು ಬೇಕು. ಆ ಪೆನ್ನು ಇಲ್ಲದೆ ಬಂದವರ ವಿಷಯದಲ್ಲಿ ನಮಗೆ ಆಗುತ್ತಿದ್ದ ಸಂಕಟವನ್ನು ಇಲ್ಲಿ ಬರೆಯಲಾರೆ.

ಪ್ರಮೋದ್: ಅತ್ತೆ, ನಿಮ್ಮ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಸುಹಾಸ, ನಿನಗೇನು ಬೇಕೆಂದು ನೀನೇ ಹೇಳಬಾರದೇ?

ಸುಹಾಸ್: ಪ್ರಮೋದಣ್ಣ, ನಿಮ್ಮ ಪ್ರೀತಿಗೆ ಋಣಿ. ತರಬೇತಿ ಕೇಂದ್ರದಿಂದ ಬಂದಿರುವ ಪತ್ರದಲ್ಲಿ ತರಬಾರದ ವಸ್ತುಗಳ ಪಟ್ಟಿಯಿದೆ, ಚೂರಿ ಅದರಲ್ಲಿ ಸೇರಿದೆ. ಮುಂದೆ ಯಾವ ವಿಭಾಗಕ್ಕೆ ಹೋಗುತ್ತೇನೆಂಬುದು ಈಗಲೇ ತಿಳಿಯುವುದಿಲ್ಲ. ಟ್ಯಾಂಕಿನೊಳಗೆ ಕೂರುವವನಾದರೆ ಬೆಂಕಿ ತಗಲದ ಬಟ್ಟೆ ಮುಖ್ಯ, ಪ್ಯಾರಾಚೂಟಿನವನಾದರೆ ಹಗ್ಗ ಕೊಯ್ಯುವ ಕೊಕ್ಕೆಚಾಕು ಬೇಕಾಗುತ್ತದೆ, ಮರೆಯಲ್ಲಿ ಮಲಗಿ ಗುರಿಯಿಡುವವನಾದರೆ ಸೊಪ್ಪು ಸವರಿ ಮೈಗೆ ಹೊದ್ದುಕೊಳ್ಳಲು ತೋಟದ ಕತ್ತರಿ. ಏನು ಬೇಕೆಂಬುದನ್ನು ಅಲ್ಲಿಯವರೇ ತೀರ್ಮಾನಿಸಿ ಕೊಡುತ್ತಾರೆ. ಸದ್ಯಕ್ಕೆ ಉಣ್ಣೆಯ ಕಾಲುಚೀಲಗಳೂ ಅತ್ತೆ ಹೇಳಿದ ಪೆನ್ನೂ ಇದ್ದರೆ ಸಾಕು.

ಪ್ರಮೋದ್: ಸರಿ, ಕಾಲುಚೀಲಗಳನ್ನೇ ಕೊಡಿಸೋಣ. ಆದರೆ ಬಯೋನೆಟ್ಟಿನ ವಿಚಾರದಲ್ಲಿ ನನ್ನ ಅಭಿಪ್ರಾಯವನ್ನು ಬದಲಿಸಿಲ್ಲ ಎಂಬುದನ್ನು ಎಲ್ಲರೂ ಗಮನಿಸಬೇಕು.

ದೊಡ್ಡಪ್ಪ: ಬದಲಿಸು ಎಂದು ನಾನೂ ಹೇಳಿಲ್ಲ. ಚಿತ್ರ ಚೆನ್ನಾಗಿದೆ, ಅದು ಇರಲಿ; ಗುಮಾಸ್ತನ ಸಾಲಿರುವ ಬರಹವನ್ನು ಮಾತ್ರ ಈಗಲೇ ಅಳಿಸಿಬಿಡು, ಮತ್ತು ಅದನ್ನು ಇನ್ನು ಯಾವ ಹತ್ತು ಜನರಿಗೆ ಕಳುಹಿಸಿದ್ದೀಯೋ ಅಲ್ಲಿಯೂ.